ತೋಟದ ನಲ್ಲಿಯಲ್ಲಿ ಫೋರ್ಸ್ ಇಲ್ಲವೇ? ಮೋಟರ್ ತರುವ ಮುಂಚೆ ಬಕೆಟ್ ಹಿಡಿದು ನೋಡಿ

ನಮ್ಮದು ಮೈಸೂರಿನಲ್ಲಿ ಒಂದೇ ಅಂತಸ್ತಿನ ಮನೆ. ಹಿತ್ತಲಲ್ಲಿ ಒಂದಿಷ್ಟು ಗಿಡಗಳಿವೆ. ಮಲ್ಲಿಗೆ, ಕನಕಾಂಬರ, ಎರಡು ಸೀಬೆ, ಕರಿಬೇವು, ಮೂಲೆಯಲ್ಲಿ ಬಾಳೆ. ಕಳೆದ ಬೇಸಿಗೆಯಲ್ಲಿ ಅಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದರು. "ಬಾಳೆ ಬುಡಕ್ಕೆ ಪೈಪ್ ಇಟ್ಟು ಒಳಗೆ ಹೋಗಿ ಕಾಫಿ ಕುಡಿದು ಬಂದೆ ಕಣೋ, ಇನ್ನೂ ಪಾತಿ ಅರ್ಧ ಕೂಡ ತುಂಬಿಲ್ಲ."

ಪ್ಲಂಬರ್ ಬಂದು ನಲ್ಲಿ ತಿರುಗಿಸಿ ನೋಡಿದ. "ಪ್ರೆಷರ್ ಇಲ್ಲ ಸಾರ್, ಒಂದು ಮೋಟರ್ ಹಾಕಿಸ್ಬಿಡಿ" ಅಂದ. ಪಕ್ಕದ ಮನೆಯವರು ಟ್ಯಾಂಕ್ ಎತ್ತರ ಮಾಡಿಸಿ ಅಂದರು. ಅಂಗಡಿಯವನು ಪೈಪಿನ ತುದಿಗೆ ಹಾಕುವ ಹೊಸ ಸ್ಪ್ರೇ ಗನ್ ತೋರಿಸಿದ. ಮೂವರಲ್ಲಿ ಯಾರೂ ನೀರು ಎಷ್ಟು ಬರುತ್ತಿದೆ ಅಂತ ಅಳೆದು ನೋಡಿರಲಿಲ್ಲ. ಕೊನೆಗೆ ನಾನೇ ಅಳೆದೆ. ಮೋಟರ್ ಬೇಕಾಗಲಿಲ್ಲ, ಟ್ಯಾಂಕ್ ಇದ್ದಲ್ಲೇ ಇದೆ, ನೀರು ಮಾತ್ರ ಮೂರು ಪಟ್ಟು ಬರುತ್ತಿದೆ. ಹೇಗೆ ಅನ್ನುವುದನ್ನು ನಾನು ಮಾಡಿದ ವರಸೆಯಲ್ಲೇ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ದೋಷ ಬೇರೆ ಕಡೆ ಇರಬಹುದು, ಆದರೆ ಹುಡುಕುವ ದಾರಿ ಇದೇ.

ಮೊದಲು: ಈ ನಲ್ಲಿಗೆ ನೀರು ಎಲ್ಲಿಂದ?

ಹೊರಗಿನ ನಲ್ಲಿ ಎರಡು ಥರ ಇರುತ್ತದೆ. ಒಂದು, ಮೇಲಿನ ಟ್ಯಾಂಕಿನಿಂದ ಇಳಿದು ಬರುವುದು. ಇನ್ನೊಂದು, ರಸ್ತೆಯ ಲೈನಿನಿಂದ ನೇರವಾಗಿ ಬರುವುದು. ಹಳೇ ಮನೆಗಳಲ್ಲಿ ಸಂಪಿನ ಪಕ್ಕದ ನಲ್ಲಿ ಹೆಚ್ಚಾಗಿ ಎರಡನೇ ಥರದ್ದು. ಎಷ್ಟೋ ಜನರಿಗೆ ತಮ್ಮ ಮನೆಯದ್ದು ಯಾವುದು ಅಂತ ಖಚಿತವಾಗಿ ಗೊತ್ತಿರುವುದಿಲ್ಲ. ಟ್ಯಾಂಕಿನಿಂದ ಇಳಿಯುವ ಲೈನಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ಬಿಡಿ. ಒಂದೆರಡು ನಿಮಿಷದಲ್ಲಿ ನೀರು ನಿಂತರೆ ಅದು ಟ್ಯಾಂಕಿನ ನೀರು. ಬರುತ್ತಲೇ ಇದ್ದರೆ ರಸ್ತೆ ಲೈನಿನದ್ದು.

ರಸ್ತೆ ಲೈನಿನದ್ದಾದರೆ ಬೆಳಿಗ್ಗೆ ಒಂದು ಫೋರ್ಸ್, ಮಧ್ಯಾಹ್ನ ಒಂದು ಫೋರ್ಸ್ ಇರುವುದು ಸಹಜ. ನಿಮ್ಮ ಬೀದಿಯವರಿಗೆಲ್ಲ ಚೆನ್ನಾಗಿ ಬರುತ್ತಿದ್ದು ನಿಮಗೆ ಮಾತ್ರ ಕಮ್ಮಿ ಬಂದರೆ ದೋಷ ಎರಡು ಕಡೆ ಇರಬಹುದು. ಮೀಟರ್ ಒಳಗಿನ ಜಾಲರಿಯಲ್ಲಿ ಕಸ ಕಟ್ಟಿರಬಹುದು. ಇಲ್ಲವೇ ದೊಡ್ಡ ಪೈಪಿನಿಂದ ನಿಮ್ಮ ಮನೆಗೆ ಕವಲು ಕೊಟ್ಟಿರುವ ಫೆರೂಲ್ ಮುಚ್ಚಿಕೊಂಡಿರಬಹುದು. ಎರಡನ್ನೂ ನೀವು ಬಿಚ್ಚಬೇಡಿ, ನೀರು ಸರಬರಾಜಿನವರಿಗೆ ದೂರು ಕೊಡಿ. ಮೈಸೂರಿನಲ್ಲಾದರೆ ವಾಣಿವಿಲಾಸ ವಾಟರ್ ವರ್ಕ್ಸ್, ಬೆಂಗಳೂರಿನಲ್ಲಾದರೆ ಜಲಮಂಡಳಿ. ರಸ್ತೆ ಲೈನಿಗೆ ನೇರವಾಗಿ ಮೋಟರ್ ಕೂರಿಸಿ ಎಳೆಯುವುದನ್ನು ಮಾತ್ರ ಯಾರೇ ಹೇಳಿದರೂ ಮಾಡಬೇಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ ಲೈನಿನಲ್ಲಿ ಎಲ್ಲಾದರೂ ಸೀಳಿದ್ದರೆ ಚರಂಡಿ ನೀರೂ ಒಳಗೆ ಸೇರುತ್ತದೆ. ಅದನ್ನು ಕುಡಿಯುವವರು ನೀವೂ ಪಕ್ಕದ ಮನೆಯವರೂ.

ನಮ್ಮದು ಟ್ಯಾಂಕಿನ ನೀರು. ಮುಂದಿನದೆಲ್ಲ ಅದರ ಬಗ್ಗೆ.

ಎತ್ತರ ಎಷ್ಟು, ಅಷ್ಟೇ ಪ್ರೆಷರ್

ಟ್ಯಾಂಕಿನ ನೀರಿಗೆ ಪ್ರೆಷರ್ ಕೊಡುವುದು ಎತ್ತರ ಮಾತ್ರ. ಟ್ಯಾಂಕಿನೊಳಗಿನ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ (ಬಾರ್ ಅಂದರೆ ಪ್ರೆಷರಿನ ಅಳತೆ). ನಮ್ಮ ಟ್ಯಾಂಕ್ ಮೆಟ್ಟಿಲು ಮನೆಯ ನೆತ್ತಿಯ ಮೇಲಿದೆ. ನಲ್ಲಿಯಿಂದ ನೀರಿನ ಮಟ್ಟಕ್ಕೆ 20 ಅಡಿ, ಅಂದರೆ 6 ಮೀಟರ್, 0.6 ಬಾರ್. ಟ್ಯಾಂಕ್ 500 ಲೀಟರಿನದ್ದಾಗಲಿ 2,000 ಲೀಟರಿನದ್ದಾಗಲಿ ಇದು ಬದಲಾಗುವುದಿಲ್ಲ. ದೊಡ್ಡ ಟ್ಯಾಂಕ್ ಹಾಕಿಸಿದರೆ ಫೋರ್ಸ್ ಜಾಸ್ತಿ ಆಗುತ್ತದೆ ಅನ್ನುವುದು ತಪ್ಪು.

ಈ 6 ಮೀಟರನ್ನು ಯಾವ ಪೈಪೂ ಹೆಚ್ಚು ಮಾಡಲಾರದು, ಕಳೆಯಬಲ್ಲದು ಅಷ್ಟೇ. ನೀರು ಹರಿಯುವಾಗ ಪೈಪಿನ ಗೋಡೆಗೆ ಉಜ್ಜಿ, ಮೂಲೆಗೆ ಹಾಕುವ ಎಲ್ಬೋಗಳಲ್ಲಿ ತಿರುಗಿ, ವಾಲ್ವಿನಲ್ಲಿ ನುಸುಳಿ ಬರುತ್ತದಲ್ವಾ, ಪ್ರತಿ ಕಡೆಯೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಪ್ರೆಷರ್ ಯಾಕಿಲ್ಲ" ಅಲ್ಲ, "ಇದ್ದದ್ದು ಎಲ್ಲಿ ಹೋಯಿತು" ಅನ್ನುವುದು.

ಇದನ್ನು ಕಣ್ಣಾರೆ ನೋಡುವ ಒಂದು ಪರೀಕ್ಷೆ ಇದೆ. ನಲ್ಲಿಗೆ ಉದ್ದದ ಪೈಪ್ ಹಾಕಿ, ನೀರು ಬಿಟ್ಟು, ಒಳಗಿನ ಗಾಳಿಯೆಲ್ಲ ಹೋಗುವವರೆಗೆ ನೆಲದ ಮೇಲೆ ಹರಿಯಲು ಬಿಡಿ. ಮನೆಯಲ್ಲಿ ಬೇರೆ ಯಾವ ನಲ್ಲಿಯೂ ತೆರೆದಿರಬಾರದು. ಆಮೇಲೆ ಪೈಪಿನ ಬಾಯಿ ಹಿಡಿದುಕೊಂಡು ಮೆಟ್ಟಿಲು ಹತ್ತಿ. ಮೇಲೆ ಹೋದಂತೆ ನೀರು ಸಣ್ಣದಾಗುತ್ತಾ ಬರುತ್ತದೆ. ನಾನು ತಾರಸಿಗೆ ಹೋದೆ, ಇನ್ನೂ ಬರುತ್ತಿತ್ತು. ಮೆಟ್ಟಿಲು ಮನೆಗೆ ಏಣಿ ಹಾಕಿ ಹತ್ತಿದೆ. ಟ್ಯಾಂಕಿನ ಪಕ್ಕ ಪೈಪಿನ ಬಾಯಿಯನ್ನು ಒಳಗಿನ ನೀರಿನ ಮಟ್ಟಕ್ಕೆ ಹಿಡಿದಾಗ ಹನಿ ನಿಂತಿತು. ಒಂದು ಗೇಣು ಕೆಳಗಿಳಿಸಿದೆ, ಮತ್ತೆ ತೊಟ್ಟಿಕ್ಕಿತು.

ಇದರ ಅರ್ಥ ಏನು? ನಮ್ಮ ನಲ್ಲಿಯಲ್ಲಿ ಪೂರ್ತಿ 20 ಅಡಿಯ ಪ್ರೆಷರ್ ಇತ್ತು. ನೀರು ನಿಂತಿದ್ದಾಗ ಎಲ್ಲವೂ ಸರಿ, ಹರಿಯಲು ಶುರುವಾದರೆ ಸಾಯುತ್ತದೆ. ಹಾಗಾದರೆ ದಾರಿಯಲ್ಲಿ ಎಲ್ಲೋ ಇಕ್ಕಟ್ಟಿದೆ. ಪ್ಲಂಬರ್ ಹೇಳಿದ "ಪ್ರೆಷರ್ ಇಲ್ಲ" ಅನ್ನುವುದು ಇಲ್ಲಿಗೆ ಸುಳ್ಳಾಯಿತು. ನೀರು ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟರೆ ಮಾತ್ರ ಬೇರೆ ಅನುಮಾನ. ಎಲ್ಲೋ ಸೋರುತ್ತಿರಬಹುದು, ಲೈನಿನಲ್ಲಿ ಗಾಳಿ ಕಟ್ಟಿರಬಹುದು, ಅಥವಾ ಅದು ಟ್ಯಾಂಕಿನ ನೀರೇ ಅಲ್ಲದಿರಬಹುದು.

ಬಕೆಟ್ ಲೆಕ್ಕ

ಅಳತೆ ಗೊತ್ತಿರುವ ಒಂದು ಬಕೆಟ್ ಬೇಕು. ನಮ್ಮದು 15 ಲೀಟರಿನದ್ದು. ಫೋನಿನಲ್ಲಿ ಸ್ಟಾಪ್‌ವಾಚ್ ಇದ್ದೇ ಇರುತ್ತದೆ. ಯಾರೂ ಸ್ನಾನ ಮಾಡದ, ವಾಷಿಂಗ್ ಮಷಿನ್ ಓಡದ ಹೊತ್ತು ನೋಡಿಕೊಳ್ಳಿ. ಟ್ಯಾಂಕ್ ಪ್ರತಿ ಸಲವೂ ಸುಮಾರು ಅಷ್ಟೇ ತುಂಬಿರಲಿ.

ಪೈಪ್ ಕಿತ್ತುಹಾಕಿ, ಬರೀ ನಲ್ಲಿಯನ್ನು ಪೂರ್ತಿ ಬಿಟ್ಟು ಬಕೆಟ್ ತುಂಬಿಸಿ. ಆಮೇಲೆ ಪೈಪ್ ಹಾಕಿ, ಅದರ ಇನ್ನೊಂದು ತುದಿಯಿಂದ ತುಂಬಿಸಿ. ಬಕೆಟ್ ನಲ್ಲಿಯ ಕೆಳಗೇ ಇರಲಿ, ಎತ್ತರ ಬದಲಾಗದಂತೆ. ತುದಿಗೆ ಗನ್ ಇದ್ದರೆ ತೆಗೆದುಹಾಕಿ.

ನಮ್ಮ ಲೆಕ್ಕ ಹೀಗಿತ್ತು. ಬರೀ ನಲ್ಲಿಯಿಂದ 2 ನಿಮಿಷ 50 ಸೆಕೆಂಡ್. 30 ಮೀಟರ್ ಪೈಪ್ ಹಾಕಿ 3 ನಿಮಿಷ 15 ಸೆಕೆಂಡ್.

ಈ ಎರಡು ಅಂಕಿಗಳ ನಡುವಿನ ಅಂತರವೇ ದೋಷ ಎಲ್ಲಿದೆ ಅಂತ ಹೇಳುತ್ತದೆ. ಪೈಪ್ ತೆಗೆದರೂ ಹಾಕಿದರೂ ಸಮಯ ಹೆಚ್ಚು ಬದಲಾಗದಿದ್ದರೆ ದೋಷ ನಲ್ಲಿಯಲ್ಲಿ ಅಥವಾ ಅದರ ಹಿಂದೆ. ಪೈಪ್ ಹಾಕಿದ ಕೂಡಲೇ ಸಮಯ ದುಪ್ಪಟ್ಟಾದರೆ ದೋಷ ಪೈಪಿನದ್ದು. ನಮ್ಮದರಲ್ಲಿ ಅಂತರ ಬರೀ 25 ಸೆಕೆಂಡ್. ಆ ದಿನ ನಾನು ಅಂಗಡಿಗೆ ಹೋಗಿ ಅತ್ಯುತ್ತಮ ಪೈಪ್ ತಂದಿದ್ದರೂ ಉಳಿಯುತ್ತಿದ್ದದ್ದು ಹೆಚ್ಚೆಂದರೆ ಅಷ್ಟೇ.

ನಲ್ಲಿಯ ಹಿಂದೆ

ಮೊದಲು ಸುಲಭದ್ದನ್ನು ನೋಡಿ. ಅದೇ ಲೈನಿನ ಬೇರೆ ನಲ್ಲಿಯಲ್ಲಿ, ಉದಾಹರಣೆಗೆ ಹಿಂದಿನ ಬಾತ್‌ರೂಮಿನಲ್ಲಿ, ಚೆನ್ನಾಗಿ ಬರುತ್ತಿದೆಯೇ? ಎಲ್ಲ ನಲ್ಲಿಗಳಲ್ಲೂ ಕಮ್ಮಿಯಾಗಿದ್ದರೆ ಟ್ಯಾಂಕ್ ಕಡೆ ಹೋಗಿ. ಟ್ಯಾಂಕಿನಿಂದ ಹೊರಗೆ ಬರುವ ಬಾಯಿಯಲ್ಲಿ ಹೂಳು, ಪಾಚಿ, ಒಮ್ಮೊಮ್ಮೆ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿರುತ್ತದೆ. ಅಲ್ಲಿನ ಗೇಟ್ ವಾಲ್ವನ್ನೂ ನಂಬಬೇಡಿ. ವರ್ಷಗಟ್ಟಲೆ ತಿರುಗಿಸದೆ ಬಿಟ್ಟ ಗೇಟ್ ವಾಲ್ವಿನಲ್ಲಿ ಒಳಗಿನ ತಟ್ಟೆ ಕಳಚಿ ಬಿದ್ದಿರುತ್ತದೆ. ಮೇಲಿನ ಚಕ್ರ ಆರಾಮಾಗಿ ತಿರುಗುತ್ತದೆ, ತಟ್ಟೆ ಮಾತ್ರ ದಾರಿಗೆ ಅಡ್ಡ ಕೂತಿರುತ್ತದೆ. ಕೈಗೆ ಬಿಗಿ ಸಿಗದೆ ಚಕ್ರ ಸುಮ್ನೆ ಸುತ್ತುತ್ತಿದ್ದರೆ ಅನುಮಾನಪಡಿ. ಬದಲಾಯಿಸುವಾಗ, ಒಳಗೆ ತೂತಿರುವ ಗುಂಡು ತಿರುಗಿ ತೆರೆಯುವ ಬಾಲ್ ವಾಲ್ವ್ ಹಾಕಿಸಿ.

ಟ್ಯಾಂಕ್ ತೊಳೆಸಿದ ಮೇಲೆ ಅಥವಾ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ಫೋರ್ಸ್ ಹೋಗಿದೆ ಅಂದರೆ ಅದು ಗಾಳಿ ಕಟ್ಟಿರುವುದು. ಪೈಪ್ ಕಿಟಕಿಯ ಮೇಲೆ ಹತ್ತಿ ಇಳಿದಿರುವ ಕಡೆ ಗಾಳಿ ಸಿಕ್ಕಿಕೊಂಡು ಕೂರುತ್ತದೆ. ಟ್ಯಾಂಕ್ ತುಂಬಿಸಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯಿಂದ ಶುರುಮಾಡಿ ಎಲ್ಲವನ್ನೂ ಪೂರ್ತಿ ಬಿಡಿ. ಬುಸುಬುಸು ಅಂದು, ನಾಲ್ಕು ಸಲ ಉಗುಳಿ, ಆಮೇಲೆ ಸರಿಯಾಗುತ್ತದೆ. ಪದೇ ಪದೇ ಆಗುತ್ತಿದ್ದರೆ ಟ್ಯಾಂಕಿನ ಹೊರಬಾಯಿಯ ಹತ್ತಿರ ಒಂದು ಏರ್ ಪೈಪ್ ಎತ್ತಿಸಬೇಕು. ಅದರ ತಲೆ ಟ್ಯಾಂಕಿಗಿಂತ ಮೇಲಿರಬೇಕು.

ನಮ್ಮ ಬಾತ್‌ರೂಮಿನಲ್ಲಿ ನೀರು ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಹೊರಗಿನ ನಲ್ಲಿಗೆ ಮಾತ್ರ. ಟ್ಯಾಂಕಿನ ವಾಲ್ವ್ ಮುಚ್ಚಿ ನಲ್ಲಿ ಬಿಚ್ಚಿದೆ. ಹಳೇ ತಿರುಗಿಸುವ ನಲ್ಲಿ, ಒಳಗಿನ ರಬ್ಬರ್ ವಾಷರ್ ಊದಿ ಅರ್ಧ ದಾರಿ ಮುಚ್ಚಿತ್ತು. ಅದನ್ನು ಕಿತ್ತು, ವಾಲ್ವ್ ತೆರೆದು, ಗೋಡೆಯಿಂದ ಹೊರಬಂದ ತುದಿಯಿಂದಲೇ ನೀರು ಬಿಟ್ಟು ನೋಡಿದೆ. ಸ್ವಲ್ಪ ಜಾಸ್ತಿ ಬಂತು, ಆದರೆ ಇನ್ನೂ ಸರಿ ಅನ್ನಿಸಲಿಲ್ಲ.

ನಿಜವಾದ ಕಳ್ಳ ಗೋಡೆಯೊಳಗಿದ್ದ. ಮನೆ ಕಟ್ಟುವಾಗ ನಲ್ಲಿ ಗಟ್ಟಿಯಾಗಿ ನಿಲ್ಲಲಿ ಅಂತ ಪಿವಿಸಿ ಲೈನಿನ ಕೊನೆಗೆ ಒಂದು ಗೇಣುದ್ದದ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ತುಂಡು ಹಾಕಿದ್ದರು. ಹೀಗೆ ಮಾಡುವುದು ಬಹಳ ಮಾಮೂಲು. ಗೋಡೆ ಸ್ವಲ್ಪ ಕೆತ್ತಿ ಆ ತುಂಡನ್ನು ಬಿಚ್ಚಿ ತೆಗೆದೆವು. ಹೊರಗಿನಿಂದ ಏನೂ ಆಗಿರಲಿಲ್ಲ, ಸುಣ್ಣ ಬಳಿದ ಅರ್ಧ ಇಂಚಿನ ಪೈಪ್. ಒಳಗೆ ಬೆಳಕು ಹಿಡಿದು ನೋಡಿದರೆ ಸುತ್ತಲೂ ಕಂದು ಬಣ್ಣದ ತುಕ್ಕು ಗಂಟುಗಂಟಾಗಿ ಬೆಳೆದು, ನಡುವೆ ಒಂದು ಸೊಟ್ಟ ತೂತು ಉಳಿದಿತ್ತು. ಒಂದು ಹೆಸರುಕಾಳು ನುಸುಳಬಹುದು, ಅಷ್ಟೇ. ಇಡೀ ತೋಟದ ನೀರು ಆ ತೂತಿನಿಂದ ಬರಬೇಕಿತ್ತು. ತುಂಡನ್ನು ನೆಲಕ್ಕೆ ಕುಟ್ಟಿದಾಗ ಹಿಡಿಯಷ್ಟು ತುಕ್ಕಿನ ಪುಡಿ ಉದುರಿತು. ಅಮ್ಮ ಅದನ್ನು ನೋಡಿ "ಇದನ್ನಾ ನಾವು ಹತ್ತು ವರ್ಷ ಗಿಡಕ್ಕೆ ಹಾಕಿದ್ದು!" ಅಂದರು.

ಜಿಐ ತುಂಡನ್ನು ಕುಟ್ಟಿ, ಕೆರೆದು ಮತ್ತೆ ಹಾಕಬೇಡಿ. ಒರಟಾದ ಒಳಮೈಗೆ ತುಕ್ಕು ಇನ್ನೂ ಬೇಗ ಹತ್ತುತ್ತದೆ. ಅದರ ಜಾಗದಲ್ಲಿ ಒಳಗೆ ಹಿತ್ತಾಳೆ ಥ್ರೆಡ್ ಇರುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಎಲ್ಬೋ ಹಾಕಿ ಗೋಡೆಗೆ ಸಿಮೆಂಟಿನಿಂದ ಕಟ್ಟಿಸಿ. ನಲ್ಲಿಯ ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ನಲ್ಲಿ ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪ್ ಕಿತ್ತು ಬರುತ್ತದೆ.

ನಲ್ಲಿಯನ್ನೂ ಬದಲಾಯಿಸಿದೆ. ಇದು ಬಹಳ ಜನ ಗಮನಿಸದ ವಿಷಯ. ಹಳೇ ತಿರುಗಿಸುವ ನಲ್ಲಿಯೊಳಗೆ ನೀರು ಮೇಲೆ ಹತ್ತಿ, ವಾಷರಿನ ಕೆಳಗೆ ನುಸುಳಿ, ಮತ್ತೆ ಕೆಳಗೆ ಇಳಿಯಬೇಕು. ಹೊಸದಾಗಿದ್ದು ಪೂರ್ತಿ ತೆರೆದಿದ್ದರೂ ಅದೊಂದೇ ಸುಮಾರು 5 ಮೀಟರ್ ಅರ್ಧ ಇಂಚಿನ ಪೈಪಿನಷ್ಟು ತಡೆ ಕೊಡುತ್ತದೆ. ಒಂದು ಎಲ್ಬೋ ಕೊಡುವ ತಡೆ ಸುಮಾರು ಅರ್ಧ ಮೀಟರಿನಷ್ಟು. ಪೂರ್ತಿ ತೂತಿನ ಬಾಲ್ ವಾಲ್ವ್ ಮಾದರಿಯ ನಲ್ಲಿಯಲ್ಲಿ ನೀರು ನೇರವಾಗಿ ಬರುತ್ತದೆ, ತಡೆ ಲೆಕ್ಕಕ್ಕೇ ಇಲ್ಲ. ತೋಟಕ್ಕೆ ಅದೇ ಸರಿ. ಕೊಳ್ಳುವಾಗ ಹಿಡಿ ತಿರುಗಿಸಿ ಪೂರ್ತಿ ತೆರೆದು, ಬೆಳಕಿಗೆ ಹಿಡಿದು, ಒಳಗಿನ ತೂತು ಎಷ್ಟು ದೊಡ್ಡದು ನೋಡಿ. ಹೊರಗೆ ದಪ್ಪವಾಗಿ ಕಾಣುವ ಕೆಲವು ನಲ್ಲಿಗಳ ಒಳತೂತು ಬಹಳ ಸಣ್ಣದಿರುತ್ತದೆ.

ಇಷ್ಟಾದ ಮೇಲೆ ಮತ್ತೆ ಬಕೆಟ್ ಇಟ್ಟೆ. ಬರೀ ನಲ್ಲಿಯಿಂದ 52 ಸೆಕೆಂಡ್. ಪೈಪ್ ಹಾಕಿ 1 ನಿಮಿಷ 50 ಸೆಕೆಂಡ್.

ಈಗ ಕಥೆ ಬದಲಾಯಿತು ನೋಡಿ. ಪೈಪ್ ಹಾಕಿದರೆ ಸಮಯ ದುಪ್ಪಟ್ಟಾಗುತ್ತಿದೆ. ತುಕ್ಕು ಹೋದ ಮೇಲೆ ಈಗ ಪೈಪಿನ ಸರದಿ.

ಪೈಪ್ ಆರಿಸುವುದು

ನಮ್ಮ ಹಳೇ ಪೈಪ್ ಅರ್ಧ ಇಂಚಿನದ್ದು, 30 ಮೀಟರ್. ಅರ್ಧ ಇಂಚು, ಮುಕ್ಕಾಲು ಇಂಚು ಅನ್ನುವುದು ಒಳತೂತಿನ ಅಳತೆ. ಅಂಗಡಿಯಲ್ಲಿ ಎರಡನ್ನೂ ಪಕ್ಕದಲ್ಲಿಟ್ಟರೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದೇ ಎತ್ತರದಿಂದ, ಒಂದೇ ಉದ್ದದಲ್ಲಿ, ಮುಕ್ಕಾಲು ಇಂಚಿನ ಪೈಪ್ ಅರ್ಧ ಇಂಚಿನದ್ದಕ್ಕಿಂತ ಸುಮಾರು ಮೂರು ಪಟ್ಟು ನೀರು ಬಿಡುತ್ತದೆ. ಒಂದಿಂಚಿನದ್ದು ಸುಮಾರು ಆರು ಪಟ್ಟು. ಕಾಲಿಂಚು ದೊಡ್ಡದಾದರೆ ಇಷ್ಟೊಂದಾ ಅನ್ನಿಸಬಹುದು. ತೂತು ದೊಡ್ಡದಾದಂತೆ ಜಾಗವೂ ಜಾಸ್ತಿ, ಗೋಡೆಗೆ ಉಜ್ಜುವ ನೀರಿನ ಪಾಲೂ ಕಮ್ಮಿ. ಎರಡೂ ಸೇರಿ ಅಷ್ಟು ದೊಡ್ಡ ಫರಕು ಬರುತ್ತದೆ.

ಇದನ್ನು ಟ್ಯಾಂಕ್ ಎತ್ತರಿಸುವ ಸಲಹೆಯ ಪಕ್ಕ ಇಟ್ಟು ನೋಡಿ. ನಮ್ಮ ಟ್ಯಾಂಕನ್ನು ಇನ್ನೊಂದು ಮೀಟರ್ ಎತ್ತರ ಮಾಡಿದರೆ ನೀರು ಹೆಚ್ಚುವುದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಅದಕ್ಕೆ ಮೆಟ್ಟಿಲು ಮನೆಯ ಮೇಲೆ ಕಟ್ಟೆ ಕಟ್ಟಬೇಕು, 1,000 ಲೀಟರ್ ನೀರು ಅಂದರೆ ಒಂದು ಟನ್ ತೂಕ, ಆ ಭಾರ ತಡೆಯುತ್ತದೆಯೇ ಅಂತ ಇಂಜಿನಿಯರ್ ನೋಡಬೇಕು. ಪೈಪ್ ಬದಲಾಯಿಸುವುದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.

ಹಾಗಂತ ಎಲ್ಲರೂ ಒಂದಿಂಚಿನದ್ದು ತರಬೇಡಿ. 30 ಮೀಟರ್ ಅರ್ಧ ಇಂಚಿನ ಪೈಪಿನಲ್ಲಿ ನಾಲ್ಕು ಲೀಟರಿಗಿಂತ ಕಮ್ಮಿ ನೀರು ನಿಂತಿರುತ್ತದೆ. ಮುಕ್ಕಾಲು ಇಂಚಿನದ್ದರಲ್ಲಿ ಎಂಟೂವರೆ ಲೀಟರ್. ಒಂದಿಂಚಿನದ್ದರಲ್ಲಿ ಹದಿನೈದು ಲೀಟರ್, ಅಂದರೆ ಹದಿನೈದು ಕೆಜಿ, ಪೈಪಿನ ತೂಕ ಬೇರೆ. ವಯಸ್ಸಾದವರು ಅದನ್ನು ಗಿಡದಿಂದ ಗಿಡಕ್ಕೆ ಎಳೆಯಲಾರರು. ಎಳೆಯುವಾಗ ಕುಂಡಗಳೂ ಉರುಳುತ್ತವೆ. ಮನೆ ತೋಟಕ್ಕೆ ಮುಕ್ಕಾಲು ಇಂಚೇ ಸರಿ ಅಂತ ನನ್ನ ಅಭಿಪ್ರಾಯ. ತೆಂಗು, ಬಾಳೆ ಜಾಸ್ತಿ ಇದ್ದು ಪೈಪನ್ನು ಒಂದೇ ಕಡೆ ಬಿಟ್ಟು ಪಾತಿ ತುಂಬಿಸುವವರಿಗೆ ಒಂದಿಂಚು. ತಾರಸಿಯ ಮೇಲೆ ಹತ್ತು ಕುಂಡ ಇಟ್ಟವರಿಗೆ ಅರ್ಧ ಇಂಚು ಧಾರಾಳ. ಆದರೆ ತಾರಸಿಯ ನಲ್ಲಿಗೂ ಟ್ಯಾಂಕಿಗೂ ಎತ್ತರದ ಅಂತರ ಒಂದೆರಡು ಮೀಟರ್ ಅಷ್ಟೇ ಇರುತ್ತದೆ. ಅಲ್ಲಿ ಪೈಪ್ ಆದಷ್ಟು ಚಿಕ್ಕದಿರಲಿ.

ಉದ್ದವನ್ನು ಅಂದಾಜಿಗೆ ತರಬೇಡಿ. ನಲ್ಲಿಯಿಂದ ಕೊನೆಯ ಗಿಡದವರೆಗೆ, ಮೂಲೆ ಸುತ್ತಿ, ಒಂದು ಹಗ್ಗ ಎಳೆದು ಅಳೆಯಿರಿ. ಅದಕ್ಕೆ ಒಂದೆರಡು ಮೀಟರ್ ಸೇರಿಸಿ. 15 ಮೀಟರ್ ಸಾಕಾಗುವ ಕಡೆ 30 ಮೀಟರಿನ ಸುರುಳಿ ಹಾಕಿದರೆ ನೀರು ಕಮ್ಮಿಯಾಗುತ್ತದೆ. ಅರ್ಧ ಉದ್ದಕ್ಕೆ ಇಳಿಸಿದರೆ ಪೈಪ್ ಸುಮಾರು ಒಂದೂವರೆ ಪಟ್ಟು ನೀರು ಬಿಡುತ್ತದೆ.

ಇನ್ನು ಯಾವ ಥರದ್ದು? ಸಾದಾ ಹಸಿರು ಪಿವಿಸಿ ಪೈಪ್ ಅಗ್ಗ. ಆದರೆ ಒಂದೆರಡು ಬೇಸಿಗೆಯ ಬಿಸಿಲಿಗೆ ಗಡುಸಾಗಿ, ಮಡಿಚಿದ ಕಡೆಯೇ ಮತ್ತೆ ಮತ್ತೆ ಮಡಿಚಿಕೊಳ್ಳುತ್ತದೆ. ಪಾರದರ್ಶಕ ಪೈಪಿನೊಳಗೆ ಬೆಳಕು ಹೋಗಿ ಪಾಚಿ ಬೆಳೆಯುತ್ತದೆ. ಆ ಪಾಚಿ ಚೂರು ಚೂರಾಗಿ ಬಂದು ತುದಿಯ ಶವರಿನಲ್ಲಿ ಕಟ್ಟಿಕೊಳ್ಳುತ್ತದೆ. ಎರಡು ಪದರದ ನಡುವೆ ನೂಲಿನ ಜಾಲ ಇರುವ ಬ್ರೇಡೆಡ್ ಪೈಪ್, ಬೆಳಕು ಹಾಯದ ಬಣ್ಣದ್ದು, ನನಗೆ ಹಿಡಿಸಿತು. ಸುಲಭವಾಗಿ ಮಡಿಚಿಕೊಳ್ಳುವುದಿಲ್ಲ. ರಬ್ಬರ್ ಪೈಪ್ ಇನ್ನೂ ಬಾಳಿಕೆ ಬರುತ್ತದೆ, ಆದರೆ ಭಾರ. ನೀರು ಬಿಟ್ಟರೆ ಉದ್ದವಾಗಿ, ನಿಲ್ಲಿಸಿದರೆ ಮುದುಡಿಕೊಳ್ಳುವ ಬಟ್ಟೆ ಹೊದಿಕೆಯ ಪೈಪ್ ಟ್ಯಾಂಕಿನ ನೀರಿಗೆ ಬೇಡವೇ ಬೇಡ. ಒಳಗಿನ ರಬ್ಬರ್ ಕೊಳವೆ ಹಿಗ್ಗಬೇಕಾದರೆ ಜೋರಾದ ಪ್ರೆಷರ್ ಬೇಕು. 0.6 ಬಾರಿಗೆ ಅದು ಸರಿಯಾಗಿ ಬಿಚ್ಚಿಕೊಳ್ಳುವುದೇ ಇಲ್ಲ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಪೈಪಿನ ತುದಿಯಲ್ಲಿ ಒಂದು ಅಡಿ ಅಗಲದ ಸುತ್ತು ಮಾಡಿ. ಗುಂಡಗೇ ಉಳಿದರೆ ತನ್ನಿ. ಚಪ್ಪಟೆಯಾಗಿ ಮಡಿಚಿಕೊಂಡರೆ ನಲ್ಲಿಯ ಬುಡದಲ್ಲೂ ಹಾಗೇ ಮಡಿಚಿಕೊಳ್ಳುತ್ತದೆ.

ನಲ್ಲಿಗೂ ಪೈಪಿಗೂ ನಡುವೆ ಹಾಕುವ ಕ್ಲಿಕ್ ಎನ್ನುವ ಪ್ಲಾಸ್ಟಿಕ್ ಕನೆಕ್ಟರುಗಳನ್ನೂ ನೋಡಿ ಕೊಳ್ಳಿ. ಮುಕ್ಕಾಲು ಇಂಚಿನ ಪೈಪ್ ತಂದು, ಕಿರುಬೆರಳೂ ಹೋಗದ ತೂತಿನ ಕನೆಕ್ಟರ್ ಹಾಕಿದರೆ ಮತ್ತೆ ಆ ಹೆಸರುಕಾಳಿನ ಕಥೆಯೇ. ಮೂತಿಗೆ ನೇರವಾಗಿ ಪೈಪ್ ತೂರಿಸಿ ಸ್ಟೀಲ್ ಕ್ಲಿಪ್ ಬಿಗಿಯುವುದು ಹಳೇ ಪದ್ಧತಿ, ಆದರೆ ನೀರಿಗೆ ದಾರಿ ದೊಡ್ಡದು. ಪೈಪ್ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಕೂರುತ್ತದೆ.

ಹೊಸ ಮುಕ್ಕಾಲು ಇಂಚಿನ ಬ್ರೇಡೆಡ್ ಪೈಪ್, ಅದೇ 30 ಮೀಟರ್, ಹಾಕಿ ಬಕೆಟ್ ಇಟ್ಟೆ. 1 ನಿಮಿಷ 3 ಸೆಕೆಂಡ್. ಶುರುವಿನಲ್ಲಿ 3 ನಿಮಿಷ 15 ಸೆಕೆಂಡ್ ಇತ್ತು.

ಗನ್ ಮತ್ತು ಹೆಬ್ಬೆರಳು

ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಎಲ್ಲರಿಗೂ ಗೊತ್ತು. ಆಗ ಪ್ರೆಷರ್ ಎಲ್ಲಿಂದ ಬಂತು? ಬಾಯಿ ಮುಚ್ಚಿದಾಗ ಹರಿಯುವ ನೀರು ಕಮ್ಮಿಯಾಯಿತು, ದಾರಿಯುದ್ದಕ್ಕೂ ಉಜ್ಜಿ ಕಳೆಯುವುದೂ ಕಮ್ಮಿಯಾಯಿತು, ಉಳಿದ ಪ್ರೆಷರ್ ಬೆರಳ ಹತ್ತಿರ ತೋರಿತು. ಗನ್ ಮಾಡುವುದೂ ಇದನ್ನೇ. ದೂರ ಚಿಮ್ಮಿತು ಅಂದರೆ ಜಾಸ್ತಿ ನೀರು ಬಂತು ಅಂತ ಅಲ್ಲ, ಬಕೆಟ್ ಇಟ್ಟು ನೋಡಿ, ಇನ್ನೂ ತಡವಾಗಿ ತುಂಬುತ್ತದೆ. ಟ್ಯಾಂಕಿನ ನೀರಿಗೆ ದೊಡ್ಡ ತೂತುಗಳ ಶವರ್ ತಲೆ ಹಾಕಿ. ಎಳೇ ಸಸಿಗಳಿಗೂ ಅದು ಒಳ್ಳೆಯದು, ಬುಡದ ಮಣ್ಣು ಕೊಚ್ಚಿ ಹೋಗುವುದಿಲ್ಲ. ಬೋರ್‌ವೆಲ್ ನೀರಿನವರಿಗೆ ಶವರಿನ ತೂತುಗಳಲ್ಲಿ ಬಿಳೀ ಗಾರೆಯಂಥದ್ದು ಕಟ್ಟುತ್ತದೆ. ರಾತ್ರಿ ವಿನೆಗರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಿಡುತ್ತದೆ.

ಇಷ್ಟಾದರೂ ಸಾಲದಿದ್ದರೆ

ನಲ್ಲಿ, ಪೈಪ್ ಎಲ್ಲ ಸರಿಯಿದ್ದೂ ಬರೀ ನಲ್ಲಿಯಿಂದಲೇ ನೀರು ಕಮ್ಮಿ ಅಂದರೆ, ತೋಟದ ನಲ್ಲಿ ಬಾತ್‌ರೂಮಿನ ಲೈನಿನ ಬಾಲಕ್ಕೆ ಸಿಕ್ಕಿಸಿದ್ದಿರಬಹುದು. ಅರ್ಧ ಇಂಚಿನ ಪೈಪ್, ಹತ್ತು ಎಲ್ಬೋ ದಾಟಿ ಬರಬೇಕು. ಆಗ ಟ್ಯಾಂಕಿನಿಂದಲೇ ಬೇರೆಯಾಗಿ ಒಂದಿಂಚಿನ ಯುಪಿವಿಸಿ ಲೈನನ್ನು ಹೊರಗೋಡೆಯ ಮೇಲೆ ನೇರವಾಗಿ ಇಳಿಸಿ. ಎಲ್ಬೋ ಎರಡೋ ಮೂರೋ ಇರಲಿ. ಬಿಸಿಲು ಬೀಳುವ ಕಡೆ ಎಮಲ್ಷನ್ ಪೇಂಟ್ ಬಳಿಸಿ. ಮೋಟರಿಗಿಂತ ಇದು ಮೇಲು, ಕರೆಂಟ್ ಹೋದಾಗಲೂ ನೀರು ಬರುತ್ತದೆ.

ಮೋಟರ್ ಬೇಕೇ ಬೇಕು ಅನ್ನುವ ಸಂದರ್ಭಗಳೂ ಇವೆ. ಸ್ಪ್ರಿಂಕ್ಲರ್ ಹಾಕುವವರಿಗೆ, ತಾರಸಿಯ ಮೇಲೇ ತೋಟ ಮಾಡಿದವರಿಗೆ ಎತ್ತರ ಸಾಲುವುದಿಲ್ಲ. ಸಂಪಿನಿಂದ ಟ್ಯಾಂಕಿಗೆ ಎತ್ತುವ ಮೋಟರ್ ಮನೆಯಲ್ಲಿ ಇದ್ದೇ ಇದೆಯಲ್ವಾ, ಅದರ ಮೇಲೆ ಹೋಗುವ ಪೈಪಿಗೆ ಮೂರು ಬಾಯಿಯ ಒಂದು ಟೀ ಜಾಯಿಂಟ್ ಹಾಕಿ, ವಾಲ್ವ್ ಕೊಟ್ಟು, ತೋಟದ ಪೈಪ್ ಸಿಕ್ಕಿಸಬಹುದು. ಒಂದು ಎಚ್ಚರಿಕೆ. ಟ್ಯಾಂಕಿಗೆ ಹೋಗುವ ದಾರಿಯನ್ನು ಪೂರ್ತಿ ಮುಚ್ಚಬೇಡಿ. ಮೋಟರ್ ಓಡುತ್ತಿರುವಾಗ ನೀವು ಗನ್ ಮುಚ್ಚಿಬಿಟ್ಟರೆ ನೀರಿಗೆ ಹೋಗಲು ದಾರಿಯಿಲ್ಲದೆ ಅದೇ ನೀರು ಒಳಗೇ ಸುತ್ತಿ ಕಾಯುತ್ತದೆ, ಸೀಲ್ ಹಾಳಾಗುತ್ತದೆ. ಸ್ವಲ್ಪ ನೀರು ಮೇಲಕ್ಕೆ ಹೋಗುತ್ತಲೇ ಇರಲಿ.

ಬೆಂಗಳೂರಿನವರಿಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಗಾಡಿ ತೊಳೆಯಲು ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತು. 2025ರ ಬೇಸಿಗೆಗೂ ಮುಂಚೆ ಮತ್ತೆ ಹೀಗೇ ಆಯಿತು. ಹಾಗಾಗಿ ತೋಟದ ಲೈನ್ ಹೊಸದಾಗಿ ಎಳೆಸುವವರು ಮಳೆನೀರಿನ ತೊಟ್ಟಿಯಿಂದಲೋ, ಬಟ್ಟೆ ಅಲಸಿದ ಕೊನೆಯ ನೀರು ಸೇರುವ ಡ್ರಮ್ಮಿನಿಂದಲೋ ಎಳೆಸುವುದು ಜಾಣತನ.

ಡ್ರಮ್ ಅಂದಾಗ ನೆನಪಾಯಿತು. ಪೈಪಿನ ಬಾಯಿಯನ್ನು ಗೊಬ್ಬರದ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಬಿಡಬೇಡಿ. ಲೈನ್ ಖಾಲಿಯಾದಾಗ ಅಥವಾ ರಸ್ತೆಯಲ್ಲಿ ನೀರು ನಿಂತಾಗ ಆ ಗೊಬ್ಬರದ ನೀರನ್ನು ಪೈಪ್ ಹಿಂದಕ್ಕೆ ಎಳೆದುಕೊಳ್ಳಬಹುದು, ಅದು ಅಡುಗೆಮನೆಯ ನಲ್ಲಿಯವರೆಗೂ ಹೋಗಬಹುದು. ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ.

ಬಿಸಿಲಿನಲ್ಲಿ ಬಿದ್ದ ಪೈಪಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಕಲ್ಲುಹಾಸಿನ ಮೇಲೆ ಬಿಟ್ಟು, ತಣ್ಣಗಾದ ಮೇಲೆ ಗಿಡಕ್ಕೆ ಹಿಡಿಯಿರಿ. ಕೆಲಸ ಆದ ಮೇಲೆ ನೀರು ಸುರಿದು, ದೊಡ್ಡ ಸುತ್ತಾಗಿ ಸುತ್ತಿ, ನೆರಳಲ್ಲಿಡಿ. ಮೊಳೆಗೆ ನೇತುಹಾಕಿದರೆ ಅದೇ ಜಾಗದಲ್ಲಿ ಮಡಿಕೆ ಬೀಳುತ್ತದೆ. ನಾವು ಹಳೇ ಸ್ಕೂಟರ್ ಟೈರೊಂದನ್ನು ಗೋಡೆಗೆ ಹೊಡೆದು ಅದರ ಮೇಲೆ ಸುತ್ತುತ್ತೇವೆ.

ನಲ್ಲಿಯ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಬರೀ ನಲ್ಲಿ 52, ಪೈಪ್ ಹಾಕಿ 63, ಟ್ಯಾಂಕ್ ತುಂಬಿತ್ತು, ಜೊತೆಗೆ ಆ ದಿನದ ತಾರೀಕು. ಮುಂದಿನ ಬೇಸಿಗೆ ಶುರುವಾದಾಗ ಅದೇ ಬಕೆಟ್ ಇಡುತ್ತೇನೆ. ಮೊದಲ ಅಂಕಿ ಏರಿದ್ದರೆ ಗೋಡೆಯ ಕಡೆ ನೋಡುತ್ತೇನೆ, ಎರಡನೆಯದು ಮಾತ್ರ ಏರಿದ್ದರೆ ಪೈಪಿನ ಕಡೆ.